ಶ್ರಮದಾನಕ್ಕೂ ಬಿಟ್ಟಿಗೂ ನಡುವೆ: ಬೆಂಗಳೂರಿನಲ್ಲಿ ಕೆರೆ ಕಾಯುವವರ ಹಿನ್ನೆಲೆ

ಬೆಂಗಳೂರಿನಲ್ಲಿ ಮನೆ ಹತ್ತಿರದ ಕೆರೆಯ ಜೊಂಡನ್ನು ಭಾನುವಾರ ಬೆಳಿಗ್ಗೆ ನಾಲ್ಕು ಜನ ಸೇರಿ ಕಿತ್ತು ಹಾಕೋಣವೆಂದು ಹೊರಟರೆ ಕುಡುಗೋಲು, ಕೈಗವಸು ಹೊಂದಿಸುವುದು ಕಷ್ಟವಲ್ಲ. ಯಾರ ಅಪ್ಪಣೆ ಕೇಳಬೇಕು ಎಂಬಲ್ಲಿಯೇ ತೊಡಕು. ಕೆರೆಯ ಅಂಗಳ ಪಾಲಿಕೆಯ ಒಂದು ವಿಭಾಗಕ್ಕೆ ಸೇರಿದ್ದು, ಅದಕ್ಕೆ ನೀರು ತರುವ ರಾಜಕಾಲುವೆ ಇನ್ನೊಂದು ವಿಭಾಗದ್ದು. ಆ ಕಾಲುವೆಗೆ ಸೇರುವ ಕೊಳಚೆಯನ್ನು ತಡೆಯಬೇಕಾದದ್ದು ಜಲಮಂಡಳಿ. ಮೀನಿನ ಹಕ್ಕು ಬರುವುದು ಮೀನುಗಾರಿಕೆ ಇಲಾಖೆಯಿಂದ, ನೀರಿನ ಪರೀಕ್ಷೆ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ. ಇಷ್ಟು ಬಾಗಿಲು ತಟ್ಟುವಷ್ಟರಲ್ಲಿ ನಾಲ್ಕು ಜನ ಇಬ್ಬರಾಗಿರುತ್ತಾರೆ. ‘ನಗರದ ಜನ ಮುಂದೆ ಬರುವುದಿಲ್ಲ’ ಎಂಬ ಮಾತನ್ನು ಪ್ರತಿ ಸಭೆಯಲ್ಲೂ ಕೇಳುತ್ತೇವೆ. ಬಂದವರು ಎಲ್ಲಿ ಹೋದರು ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹಿಂದೆ ಊರಿನವರೇ ಕೆರೆ ನೋಡಿಕೊಳ್ಳುತ್ತಿದ್ದರು ಎನ್ನುವುದು ಅರ್ಧ ಸತ್ಯ. ನಮ್ಮ ಶಾಸನಗಳಲ್ಲಿ ಬಿತ್ತುವಟ್ಟದ ಮಾತು ಮತ್ತೆ ಮತ್ತೆ ಬರುತ್ತದೆ. ಕೆರೆಯ ಪಾಲನೆಗೆಂದೇ ಬಿಟ್ಟ ಭೂಮಿ ಅದು. ಹೂಳು ಹೊರುವ ಬಂಡಿಗೆ, ಏರಿಯ ದುರಸ್ತಿಗೆ ಎಂದು ಬೇರೆ ಬೇರೆ ದತ್ತಿಗಳೂ ಇದ್ದವು. ತೂಬು ತೆರೆದು ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುತ್ತಿದ್ದ ನೀರುಗಂಟಿಗೆ ಸುಗ್ಗಿಯಲ್ಲಿ ಧಾನ್ಯದ ಪಾಲು ಸಿಗುತ್ತಿತ್ತು. ಎಂದರೆ ಊರಿನ ದುಡಿಮೆಯ ಹಿಂದೆ ಒಂದು ಏರ್ಪಾಡು ಇತ್ತು, ಹಕ್ಕು ಇತ್ತು. ಜೊತೆಗೇ ಬಿಟ್ಟಿಯೂ ಇತ್ತು: ಜಾತಿಯ ಬಲದಿಂದ, ಅಧಿಕಾರದ ಬಲದಿಂದ, ಕೂಲಿ ಕೊಡದೆ ಮಾಡಿಸಿಕೊಂಡ ಕೆಲಸ. ಶ್ರಮದಾನ ಎಂಬ ಪದವನ್ನು ಇಂದು ಬಳಸುವಾಗ ಈ ಎರಡನೆಯದನ್ನೂ ನೆನಪಿಡಬೇಕು. ಗುದ್ದಲಿ ಎರಡರಲ್ಲೂ ಒಂದೇ. ಎಲ್ಲಿ ಅಗೆಯಬೇಕೆಂದು ಹೇಳುವ ಹಕ್ಕು ಅಗೆಯುವವನಿಗೆ ಇದೆಯೇ ಇಲ್ಲವೇ ಎಂಬುದಷ್ಟೇ ವ್ಯತ್ಯಾಸ.

ಮೈಸೂರು ಸಂಸ್ಥಾನ 1911ರಲ್ಲಿ ಕೆರೆ ಪಂಚಾಯಿತಿಗಳ ಕಾಯಿದೆ ತಂದಿತು. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದ ಗ್ರಾಮ ಸುಧಾರಣಾ ಯೋಜನೆಯಲ್ಲಿ ಹಳ್ಳಿಗರು ವಾರಕ್ಕೆ ಅರ್ಧ ದಿನ ಊರಿನ ಕೆಲಸಕ್ಕೆ ಬರಬೇಕೆಂಬ ಪದ್ಧತಿ ಇತ್ತು. ಸ್ವಾತಂತ್ರ್ಯ ಬಂದ ಮೇಲೆ 1952ರ ಗಾಂಧಿ ಜಯಂತಿಯಂದು ಶುರುವಾದ ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಶ್ರಮದಾನವನ್ನು ದೇಶದ ಮಾತಾಗಿಸಿತು, 1969ರಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಅದನ್ನು ಕಾಲೇಜಿಗೆ ತಂದಿತು. ಇವೆಲ್ಲದರ ನಡುವೆ ನಗರ ತನ್ನ ಕೆರೆಗಳನ್ನು ಮುಚ್ಚುತ್ತಲೇ ಇತ್ತು. ಧರ್ಮಾಂಬುಧಿ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಇದ್ದ ಕೆರೆಗಳನ್ನು ಒಡೆಯಬಾರದು, ಕೊಳಚೆಯನ್ನು ಬೇರೆಡೆಗೆ ತಿರುಗಿಸಬೇಕು ಎಂದು 1980ರ ದಶಕದಲ್ಲಿ ರಾಜ್ಯ ಸರ್ಕಾರ ನೇಮಿಸಿದ ಲಕ್ಷ್ಮಣ ರಾವ್ ಸಮಿತಿ ಹೇಳಿತು. ಆ ಸಲಹೆಗಳನ್ನು ಇಂದು ಓದಿದರೂ ನಿನ್ನೆ ಬರೆದಂತಿವೆ.

ನಡುವೆ ಎರಡು ಘಟನೆಗಳು ನಡೆದವು. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು, ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದಿತು. 2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ ಹುಟ್ಟಿತು. ವಾರ್ಡ್ ಸಮಿತಿಗಳು ಬಹುಕಾಲ ಕಾಗದದಲ್ಲೇ ಉಳಿದವು. ಪ್ರಾಧಿಕಾರ ಹೆಬ್ಬಾಳ, ನಾಗವಾರದಂಥ ಕೆರೆಗಳನ್ನು ಖಾಸಗಿ ಸಂಸ್ಥೆಗಳಿಗೆ ಗುತ್ತಿಗೆಗೆ ಕೊಟ್ಟಿತು. ಆ ಗುತ್ತಿಗೆಯ ವಿಷಯ 2008ರಲ್ಲಿ ಹೈಕೋರ್ಟ್ ಮೆಟ್ಟಿಲೇರಿತು. ಕೆರೆ ಎಂದರೆ ಆಸ್ತಿಯೋ, ನಂಬಿಕೆಯ ಮೇಲೆ ಕಾಯ್ದುಕೊಳ್ಳಬೇಕಾದ ಸಾರ್ವಜನಿಕ ಸೊತ್ತೋ ಎಂಬ ಚರ್ಚೆ ಆ ಮೊಕದ್ದಮೆಯಿಂದ ಮನೆಮನೆಗೆ ಬಂದಿತು.

ನಿಜವಾದ ಬದಲಾವಣೆ ಆದದ್ದು ಆ ಹೊತ್ತಿನಲ್ಲೇ. 2007ರಲ್ಲಿ ಸುತ್ತಲಿನ ಎಂಟು ಪಟ್ಟಣಗಳನ್ನೂ 110 ಹಳ್ಳಿಗಳನ್ನೂ ಸೇರಿಸಿಕೊಂಡು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ, ಹೊಸ ಬಡಾವಣೆಗಳ ಜೊತೆ ಹತ್ತಾರು ಕೆರೆಗಳೂ ನಗರದ ಒಳಗೆ ಬಂದವು. ಜೆ.ಪಿ. ನಗರ ಏಳನೇ ಹಂತದ ಪುಟ್ಟೇನಹಳ್ಳಿ ಕೆರೆ (ಯಲಹಂಕದ ಅದೇ ಹೆಸರಿನ ಕೆರೆಯಲ್ಲ) ಕಸ ಸುರಿಯುವ ಜಾಗವಾಗಿತ್ತು. ಸುತ್ತಲಿನ ನಿವಾಸಿಗಳು ಟ್ರಸ್ಟ್ ಕಟ್ಟಿಕೊಂಡರು. 2011ರಲ್ಲಿ ಪಾಲಿಕೆ ಅವರೊಡನೆ ನಿರ್ವಹಣೆಯ ಒಡಂಬಡಿಕೆ ಮಾಡಿಕೊಂಡಿತು. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿಯಲ್ಲೂ ಅದೇ ದಾರಿ. ಜಕ್ಕೂರಿನಲ್ಲಿ 160 ಎಕರೆಯಷ್ಟು ದೊಡ್ಡ ಕೆರೆಗೆ ಜಲಮಂಡಳಿಯ ಘಟಕದಲ್ಲಿ ಶುದ್ಧಗೊಂಡ ನೀರು ಬಂದು, ಜೊಂಡಿನ ಜೌಗಿನ ಮೂಲಕ ಹಾದು ಕೆರೆ ಸೇರುವ ವ್ಯವಸ್ಥೆ ಆಯಿತು. ಅಲ್ಲಿಯೂ ಸ್ಥಳೀಯರ ಗುಂಪು ನಿಂತಿತು.

ಆ ಒಡಂಬಡಿಕೆಯಿಂದ ಆದ ಪ್ರಯೋಜನವೇನು? ಕೆರೆಯ ಒಡೆತನ ಪಾಲಿಕೆಯದ್ದೇ. ತೋಟಗಾರನ ಸಂಬಳ, ಕಾವಲುಗಾರನ ಸಂಬಳಕ್ಕೆ ಟ್ರಸ್ಟ್‌ಗಳೇ ದೇಣಿಗೆ ಎತ್ತಬೇಕಿತ್ತು. ಆದರೂ ಜನ ಅದನ್ನು ಬಯಸಿದರು, ಏಕೆಂದರೆ ಆ ಸಹಿಯಿಂದ ಗುಂಪಿಗೆ ಒಂದು ಗುರುತು ಸಿಕ್ಕಿತು. ರಾತ್ರಿ ಕಟ್ಟಡದ ಅವಶೇಷ ತುಂಬಿದ ಲಾರಿ ಏರಿಯ ಬಳಿ ನಿಂತರೆ ‘ನೀವು ಯಾರು ಕೇಳುವುದಕ್ಕೆ?’ ಎಂಬ ಪ್ರಶ್ನೆಗೆ ಉತ್ತರವಿತ್ತು. ಎಂಜಿನಿಯರ್ ಬದಲಾದರೂ ಕಡತ ಇರುತ್ತಿತ್ತು. ಹಕ್ಕಿಗಳ ಎಣಿಕೆ, ನೀರಿನ ಮಟ್ಟ, ಯಾವ ಮಳೆಗೆ ಯಾವ ಕಾಲುವೆಯಿಂದ ನೊರೆ ಬಂತು, ಇವನ್ನೆಲ್ಲ ವರ್ಷಗಟ್ಟಲೆ ಬರೆದಿಟ್ಟವರು ಈ ಗುಂಪುಗಳೇ. ಯಾವ ಟೆಂಡರ್‌ನಲ್ಲೂ ಸಿಗದ ತಿಳಿವಳಿಕೆ ಅದು.

ಕೊರತೆಗಳೂ ಇದ್ದವು, ಅವನ್ನು ಮುಚ್ಚಿಡಬಾರದು. ಟ್ರಸ್ಟ್ ಕಟ್ಟಲು, ಇಂಗ್ಲಿಷಿನಲ್ಲಿ ಅರ್ಜಿ ಬರೆಯಲು, ದೇಣಿಗೆ ಕೇಳಲು ಬಲ್ಲವರು ಇರುವ ಬಡಾವಣೆಗೆ ಇದು ಸುಲಭ. ಹಸುವಿಗೆ ಹುಲ್ಲು ಕೊಯ್ಯಲು ಬರುವ ಹೆಂಗಸು, ಬಲೆ ಬೀಸುವ ಮೀನುಗಾರ, ಬಟ್ಟೆ ಒಗೆಯುವವರು ಎಷ್ಟೋ ಕೆರೆಗಳಲ್ಲಿ ಬೇಲಿಯ ಹೊರಗೆ ಉಳಿದರು. ಕೆರೆ ನಡಿಗೆಯ ಹಾದಿಯಾಯಿತು. ಆ ಮಂದಿಯನ್ನೂ ಗುಂಪಿನ ಒಳಗೆ ಕರೆದಲ್ಲಿ ಕಾವಲು ಗಟ್ಟಿಯಾಯಿತು, ಏಕೆಂದರೆ ನೀರಿನ ಬಣ್ಣ ಬದಲಾದದ್ದು ಮೀನುಗಾರನಿಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ.

ನಮ್ಮ ಬಡಾವಣೆಯ ಕೆರೆಗೆ ನಾನೂ ಮೂರು ವರ್ಷ ಶನಿವಾರಗಳಲ್ಲಿ ಹೋಗಿದ್ದೇನೆ. ಮೊದಲ ವರ್ಷ ಮೂವತ್ತು ಜನ ಇದ್ದೆವು. ನಾವು ಕಿತ್ತ ಅಂತರಗಂಗೆಯ ರಾಶಿಯನ್ನು ಸಾಗಿಸಲು ಟ್ರ್ಯಾಕ್ಟರ್ ಬರಬೇಕಿತ್ತು. ಅದು ಬರಲಿಲ್ಲ. ಮಳೆಗೆ ರಾಶಿ ಮತ್ತೆ ನೀರಿಗೇ ಜಾರಿತು. ಮುಂದಿನ ವಾರ ಹದಿನಾಲ್ಕು ಜನ. ಅವರು ಸೋಮಾರಿಗಳಾಗಿರಲಿಲ್ಲ, ತಮ್ಮ ಬೆವರು ಯಾರ ಲೆಕ್ಕಕ್ಕೂ ಬರಲಿಲ್ಲ ಎಂದು ನೊಂದಿದ್ದರು. ಅಂದಿನಿಂದ ನನಗೆ ಖಚಿತವಾಗಿರುವುದು ಇಷ್ಟೇ: ಜನರನ್ನು ಕರೆಯುವ ಸ್ಥಳೀಯ ಸಂಸ್ಥೆಯ ಮೊದಲ ಕೆಲಸ ಪ್ರಮಾಣಪತ್ರ, ಟೀ ಶರ್ಟ್ ಹಂಚುವುದಲ್ಲ, ಟ್ರ್ಯಾಕ್ಟರ್ ಕಳಿಸುವುದು.

ಕಸದ ವಿಷಯದಲ್ಲೂ ಇದೇ ಕಂಡಿತು. 2012ರಲ್ಲಿ ಮಾವಳ್ಳಿಪುರದ ಜನರ ಪ್ರತಿಭಟನೆಯಿಂದ ಅಲ್ಲಿನ ಕಸದ ಗುಡ್ಡದ ಬಾಗಿಲು ಮುಚ್ಚಿ ನಗರದ ಬೀದಿಗಳು ನಾರಿದಾಗ, ಮನೆಮನೆಗೆ ಹೋಗಿ ಹಸಿ ಕಸ, ಒಣ ಕಸ ಬೇರ್ಪಡಿಸುವುದನ್ನು ಕಲಿಸಿದವರಲ್ಲಿ ಹೆಚ್ಚಿನವರು ಸ್ವಯಂಸೇವಕರು. ಬೇರ್ಪಡಿಸಿದ ಕಸವನ್ನು ಒಂದೇ ಲಾರಿಗೆ ಸುರಿದ ಬೀದಿಯಲ್ಲಿ ಆ ಪಾಠ ಒಂದು ತಿಂಗಳೂ ಉಳಿಯಲಿಲ್ಲ. ಒಣ ಕಸ ಸಂಗ್ರಹ ಕೇಂದ್ರಗಳನ್ನು ಚಿಂದಿ ಆಯುವವರ ಕೈಗೆ ಕೊಟ್ಟು ಅವರಿಗೆ ಗುರುತಿನ ಚೀಟಿ ಕೊಟ್ಟ ಕಡೆ ಅದು ಬೇರೂರಿತು.

ವಾರ್ಡ್ ಸಮಿತಿಗಳಿಗೆ ಜೀವ ಬಂದದ್ದು 2016ರ ನಿಯಮಗಳು ಮತ್ತು ನ್ಯಾಯಾಲಯದ ಒತ್ತಾಯದಿಂದ. ಹತ್ತು ಸದಸ್ಯರು, ಅವರಲ್ಲಿ ಮಹಿಳೆಯರಿಗೂ ಪರಿಶಿಷ್ಟರಿಗೂ ಸ್ಥಾನ, ತಿಂಗಳಿಗೊಂದು ಸಭೆ. 2020-21ರ ಬಜೆಟ್‌ನಲ್ಲಿ ಪಾಲಿಕೆ ಪ್ರತಿ ವಾರ್ಡ್‌ಗೆ 60 ಲಕ್ಷ ರೂಪಾಯಿ ಇಟ್ಟು, ಪಾದಚಾರಿ ಮಾರ್ಗ, ರಸ್ತೆ ಗುಂಡಿ, ಕೊಳವೆಬಾವಿಗೆ ಎಲ್ಲಿ ಖರ್ಚಾಗಬೇಕೆಂಬುದನ್ನು ಸಮಿತಿಗೆ ಬಿಟ್ಟಿತು. ದೊಡ್ಡ ಮೊತ್ತವಲ್ಲ. ಆದರೆ ಸಭೆಗೆ ಬಂದವನ ಮಾತಿನಿಂದ ಒಂದು ರಸ್ತೆಯ ಹೆಸರು ಪಟ್ಟಿಗೆ ಸೇರುತ್ತದೆ ಎಂದಾದಾಗ ಕುರ್ಚಿಗಳು ತುಂಬುತ್ತವೆ.

ಅದೇ 2020ರಲ್ಲಿ ಎರಡು ಕೊಂಡಿಗಳು ಕಳಚಿದವು. ಮಾರ್ಚ್‌ನಲ್ಲಿ ಕೆರೆಗಳ ವಿಷಯದಲ್ಲಿ ಕಂಪನಿಗಳ ಜೊತೆಗಿನ ಒಪ್ಪಂದಗಳಿಗೆ ಹೈಕೋರ್ಟ್ ತಡೆ ಹಾಕಿತು. ಕೆರೆಗಳನ್ನು ಖಾಸಗಿ ಹಿಡಿತದಿಂದ ಕಾಪಾಡುವುದು ಅದರ ಉದ್ದೇಶ. ಆ ಎಚ್ಚರಿಕೆಯ ನೆರಳಿನಲ್ಲಿ ನಾಗರಿಕ ಟ್ರಸ್ಟ್‌ಗಳ ಒಡಂಬಡಿಕೆಗಳ ನವೀಕರಣವೂ ನಿಂತುಹೋಯಿತು. ಹತ್ತು ವರ್ಷ ಕೆರೆ ಕಾದವರಿಗೆ ಮತ್ತೆ ಗುರುತಿಲ್ಲದಂತಾಯಿತು. ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿಯಿತು, ಚುನಾವಣೆ ವರ್ಷದಿಂದ ವರ್ಷಕ್ಕೆ ಮುಂದೆ ಹೋಯಿತು. ವಾರ್ಡ್ ಸಭೆಗಳು ನೋಡಲ್ ಅಧಿಕಾರಿಗಳ ಪಾಲಾದವು. ಹಲವು ಅಧಿಕಾರಿಗಳು ಶ್ರದ್ಧೆಯಿಂದ ಕೂತರು. ಆದರೆ ವರ್ಗವಾಗುವವರ ಮುಂದೆ ಹೇಳಿದ ಮಾತು ಅವರ ಜೊತೆಗೇ ವರ್ಗವಾಗುತ್ತದೆ. ಆಮೇಲೆ ಕೆರೆ ಮಿತ್ರ ಎಂಬ ಹೆಸರಿನಲ್ಲಿ ಸ್ವಯಂಸೇವಕರ ನೋಂದಣಿ ನಡೆಯಿತು. ಕಂಡದ್ದನ್ನು ವರದಿ ಮಾಡುವ ಕಣ್ಣುಗಳು ಹೆಚ್ಚಾದವು. ವರದಿ ಮಾಡಿದವರಿಗೆ ಏನಾಯಿತೆಂದು ತಿಳಿಸುವ ಏರ್ಪಾಡು ಅಷ್ಟು ಬೆಳೆಯಲಿಲ್ಲ.

2025ರ ಸೆಪ್ಟೆಂಬರ್‌ನಲ್ಲಿ ಬೃಹತ್ ಪಾಲಿಕೆಯ ಜಾಗಕ್ಕೆ ಐದು ನಗರ ಪಾಲಿಕೆಗಳು ಬಂದವು, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ವಾರ್ಡ್‌ಗಳು ಚಿಕ್ಕದಾಗುತ್ತಿವೆ, ವಾರ್ಡ್ ಸಮಿತಿಗಳಿಗೆ ಹೊಸ ಕಾನೂನಿನಲ್ಲೂ ಸ್ಥಾನವಿದೆ. ನಮ್ಮ ಕೆರೆಯ ಶನಿವಾರದ ಗುಂಪಿನಲ್ಲಿ ಈಗ ಆರು ಜನ ಉಳಿದಿದ್ದಾರೆ. ನೀರಿನ ಮಟ್ಟ ಬರೆಯುವ ಪುಸ್ತಕ ಅವರ ಬಳಿ ಭದ್ರವಾಗಿದೆ. ಹೊಸ ಪಾಲಿಕೆಯ ಯಾವ ಕಚೇರಿಗೆ ಅದನ್ನು ತೆಗೆದುಕೊಂಡು ಹೋಗಬೇಕೆಂದು ಅವರು ವಿಚಾರಿಸುತ್ತಿದ್ದಾರೆ.