ಕೆನಡಾಕ್ಕೆ ಉಚಿತ ಚಿಕಿತ್ಸೆ ತಂದದ್ದು ಒಬ್ಬ ಪಾದ್ರಿಯಂತೆ, ನಿಜಾನಾ?

ಪ್ರಶ್ನೆ: ಮಗಳು ಟೊರಾಂಟೊದಲ್ಲಿದ್ದಾಳೆ. ಅಲ್ಲಿ ಆಸ್ಪತ್ರೆಗೆ ಸೇರಿದರೂ ಬಿಲ್ ಕಟ್ಟೋ ಹಾಗಿಲ್ಲವಂತೆ. ಇದನ್ನು ಶುರು ಮಾಡಿದ್ದು ಒಬ್ಬ ಪಾದ್ರಿ ಅಂತಾಳೆ. ಹೌದಾ?

ಉತ್ತರ: ಮುಕ್ಕಾಲು ಪಾಲು ಹೌದು. ಅವರ ಹೆಸರು ಟಾಮಿ ಡಗ್ಲಸ್. 1944ರಿಂದ 1961ರವರೆಗೆ ಸಸ್ಕಾಚೆವಾನ್ ಪ್ರಾಂತ್ಯದ ಪ್ರೀಮಿಯರ್, ಅಂದರೆ ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿ.

ಹುಟ್ಟಿದ್ದು 1904ರಲ್ಲಿ, ಸ್ಕಾಟ್ಲೆಂಡಿನಲ್ಲಿ. ಚಿಕ್ಕವರಿದ್ದಾಗಲೇ ಮನೆಯವರು ಕೆನಡಾದ ವಿನಿಪೆಗ್‌ಗೆ ಬಂದರು. ಹುಡುಗನ ಮೊಣಕಾಲಿನ ಮೂಳೆಗೆ ಸೋಂಕು. ಕೈಯಲ್ಲಿ ದುಡ್ಡಿಲ್ಲ. ಕಾಲು ತೆಗೆಯಬೇಕಾಗುತ್ತೆ ಅಂದರು. ಆಗ ಒಬ್ಬ ಸರ್ಜನ್, ತನ್ನ ವಿದ್ಯಾರ್ಥಿಗಳು ನಿಂತು ನೋಡೋಕೆ ಒಪ್ಪಿದರೆ ಪುಕ್ಕಟೆ ಆಪರೇಷನ್ ಮಾಡ್ತೀನಿ ಅಂದರು. ಕಾಲು ಉಳಿಯಿತು. ಅದೇ ಹುಡುಗ 1922ರಲ್ಲಿ ಮ್ಯಾನಿಟೋಬಾ ಪ್ರಾಂತ್ಯದ ಬಾಕ್ಸಿಂಗ್ ಚಾಂಪಿಯನ್! ಆವತ್ತು ಡಾಕ್ಟರಿಗೆ ಕನಿಕರ ಬರದಿದ್ದರೆ ಏನಾಗ್ತಿತ್ತು ಅನ್ನೋದು ಅವರನ್ನು ಕೊನೆಯವರೆಗೂ ಬಿಡಲಿಲ್ಲ.

1930ರಲ್ಲಿ ಸಸ್ಕಾಚೆವಾನ್‌ನ ವೇಬರ್ನ್ ಅನ್ನೋ ಸಣ್ಣ ಊರಿನ ಬ್ಯಾಪ್ಟಿಸ್ಟ್ ಚರ್ಚಿಗೆ ಪಾದ್ರಿಯಾಗಿ ಹೋದರು. ಮಳೆ ಇಲ್ಲ, ಗೋಧಿಗೆ ಬೆಲೆ ಇಲ್ಲ, ಹೊಲದ ಮಣ್ಣೆಲ್ಲ ಗಾಳಿಗೆ ಹಾರಿಹೋಗುತ್ತಿತ್ತು. ಭಾನುವಾರದ ಉಪದೇಶಕ್ಕಿಂತ ಬಟ್ಟೆ, ಊಟ ಹಂಚೋ ಕೆಲಸವೇ ಜಾಸ್ತಿಯಾಯಿತು. ರಾಜಕೀಯಕ್ಕೆ ಎಳೆದದ್ದು ಇದೇ. 1934ರ ಪ್ರಾಂತ್ಯದ ಚುನಾವಣೆಯಲ್ಲಿ ಸೋತರು. ಇನ್ನೊಂದು ಸಲ ನಿಂತರೆ ಕೆನಡಾದಲ್ಲಿ ಬೇರೆ ಚರ್ಚ್ ಸಿಗಲ್ಲ ಅಂತ ಚರ್ಚಿನ ಮೇಲಿನವರೊಬ್ಬರು ಎಚ್ಚರಿಸಿದರಂತೆ. ಅದನ್ನು ಕೇಳಿಯೇ ನಿಲ್ಲೋದು ಗಟ್ಟಿ ಮಾಡಿದೆ ಅಂತ ಡಗ್ಲಸ್ ಹೇಳಿಕೊಳ್ಳುತ್ತಿದ್ದರು. 1935ರಲ್ಲಿ ಗೆದ್ದು ಸಂಸತ್ತಿಗೆ ಹೋದರು.

ಅವರ ಎಲ್ಲ ಯೋಚನೆಗಳೂ ಬೆಳಕಿನವಲ್ಲ. ‘ಬುದ್ಧಿ ಕಡಿಮೆ’ ಎನಿಸಿದವರಿಗೆ ಮಕ್ಕಳಾಗದ ಹಾಗೆ ಮಾಡಬೇಕು ಅಂತ 1933ರ ತಮ್ಮ ಎಂ.ಎ. ಪ್ರಬಂಧದಲ್ಲಿ ಬರೆದಿದ್ದರು. ಅಧಿಕಾರ ಬಂದಾಗ ಆ ದಾರಿ ಹಿಡಿಯಲಿಲ್ಲ, ಅಷ್ಟೇ ಸಮಾಧಾನ.

1944ರ ಪ್ರಾಂತ್ಯದ ಚುನಾವಣೆಯಲ್ಲಿ ಅವರ ಸಿಸಿಎಫ್ ಎಂಬ ಎಡಪಂಥೀಯ ಪಕ್ಷ 52ರಲ್ಲಿ 47 ಸೀಟು ಬಾಚಿತು. ಆರೋಗ್ಯ ಖಾತೆಯನ್ನು ತಾವೇ ಇಟ್ಟುಕೊಂಡರು. 1947ರ ಜನವರಿ 1ರಿಂದ ಆಸ್ಪತ್ರೆ ವಿಮೆ ಜಾರಿಯಾಯಿತು. ವರ್ಷಕ್ಕೆ ತಲೆಗೆ 5 ಡಾಲರ್, ಇಡೀ ಕುಟುಂಬಕ್ಕೆ ಹೆಚ್ಚೆಂದರೆ 30. ಆದರೆ ಇದು ಆಸ್ಪತ್ರೆ ಖರ್ಚಿಗೆ ಮಾತ್ರ. ಡಾಕ್ಟರ ಫೀಸನ್ನೂ ಸೇರಿಸೋಕೆ ಇನ್ನೂ 15 ವರ್ಷ ಹಿಡಿಯಿತು. ಮೊದಲು ಖಜಾನೆ ಗಟ್ಟಿಯಾಗಲಿ ಅಂತ ಕಾದರು. ನನ್ನ ಪ್ರಕಾರ ಅವರ ನಿಜವಾದ ಜಾಣತನ ಇದೇ.

ಇನ್ನು ಆ ಉಳಿದ ಕಾಲು ಪಾಲು. ಫೀಸಿನ ಕಾನೂನು 1962ರ ಜುಲೈ 1ರಂದು ಜಾರಿಗೆ ಬಂದಾಗ ಪ್ರೀಮಿಯರ್ ಆಗಿದ್ದವರು ವುಡ್ರೋ ಲಾಯ್ಡ್. ಡಗ್ಲಸ್ ಆಗಲೇ ಎನ್‌ಡಿಪಿ ಎಂಬ ಹೊಸ ರಾಷ್ಟ್ರೀಯ ಪಕ್ಷದ ನಾಯಕರಾಗಿ ಹೋಗಿದ್ದರು. ಕಾನೂನನ್ನು ವಿರೋಧಿಸಿ ಡಾಕ್ಟರುಗಳು 23 ದಿನ ಮುಷ್ಕರ ಹೂಡಿದರು. ಆ ಸಿಟ್ಟಿನ ಬಿಸಿ ಮೊದಲೇ ತಟ್ಟಿತ್ತು: ಜೂನ್ 18ರ ಸಂಸತ್ ಚುನಾವಣೆಯಲ್ಲಿ ಡಗ್ಲಸ್ ಸಸ್ಕಾಚೆವಾನ್‌ನ ರಾಜಧಾನಿ ರಿಜೈನಾದಲ್ಲಿ ಸೋತಿದ್ದರು. ಇಡೀ ದೇಶಕ್ಕೆ ಇದನ್ನು ಹಬ್ಬಿಸುವ ಕಾನೂನು ತಂದದ್ದು 1966ರಲ್ಲಿ, ಲಿಬರಲ್ ಪಕ್ಷದ ಪಿಯರ್ಸನ್ ಸರ್ಕಾರ.

ಅಂದಹಾಗೆ, ಈ ವಿಮೆಯನ್ನು ಇಂದಿಗೂ ನಡೆಸೋದು ಆಯಾ ಪ್ರಾಂತ್ಯವೇ. ಮಗಳು ಟೊರಾಂಟೊ ಬಿಟ್ಟು ಬೇರೆ ಪ್ರಾಂತ್ಯದ ಕ್ಯಾಲ್ಗರಿಗೆ ಮನೆ ಬದಲಿಸಿದರೆ ಹೊಸ ಹೆಲ್ತ್ ಕಾರ್ಡ್ ಮಾಡಿಸಿಕೊಳ್ಳಲೇಬೇಕು.