ರಾಟೆ ಜಾಸ್ತಿ ಹಾಕಿದರೆ ಹಾಯಿಯ ಹಗ್ಗ ಎಳೆಯೋದು ಹಗುರ ಆಗುತ್ತಾ?

ಪ್ರಶ್ನೆ: ನನ್ನ ಲೇಸರ್ ದೋಣಿಯಲ್ಲಿ (ಒಬ್ಬರೇ ನಡೆಸುವ ಸಣ್ಣ ಹಾಯಿದೋಣಿ) ಹಾಯಿಯನ್ನು ಬಿಗಿದು ಚಪ್ಪಟೆ ಮಾಡುವ ಕನಿಂಗ್‌ಹ್ಯಾಮ್ (ಹಾಯಿಯ ಮುಂದಿನ ಅಂಚನ್ನು ಕೆಳಗೆಳೆಯುವುದು), ಔಟ್‌ಹಾಲ್ (ಹಾಯಿಯ ಕೆಳ ಮೂಲೆಯನ್ನು ಹಿಂದಕ್ಕೆಳೆಯುವುದು) ಹಗ್ಗಗಳು ಕೂತಲ್ಲಿಂದ ಕೈಗೆ ಸಿಗುವುದಿಲ್ಲ. ಡೆಕ್ ಮೇಲೆ ಎರಡು ರಾಟೆ ಹಾಕಿ ಹಿಂದಕ್ಕೆ ತಂದರೆ ಎಳೆಯೋದೂ ಹಗುರ ಆಗುತ್ತೆ ಅಲ್ವಾ?

ಹಿಂದಕ್ಕೆ ಖಂಡಿತ ತನ್ನಿ. ಜೋರು ಗಾಳಿಯಲ್ಲಿ ಮೈ ಹೊರಗೆ ಚಾಚಿ ಕೂತವರು ಮಾಸ್ಟಿನ (ಹಾಯಿಕಂಬದ) ಬುಡಕ್ಕೆ ಬಗ್ಗಿದರೆ 59 ಕೆಜಿಯ ದೋಣಿ ತಕ್ಷಣ ವಾಲುತ್ತದೆ. ದೋಣಿಯ ನಡುವಿನಿಂದ ನೀರಿಗಿಳಿಯುವ ಹಲಗೆ, ಅಂದರೆ ಡ್ಯಾಗರ್‌ಬೋರ್ಡಿನ ಮುಂದೆ ಕ್ಲೀಟ್ (ಹಗ್ಗ ಕಚ್ಚಿ ಹಿಡಿಯುವ ಕೊಂಡಿ) ಕೂರಿಸಿ, ಹಗ್ಗದ ತುದಿ ಕೈಗೆಟುಕುವಂತೆ ಬಿಡಿ. ರೇಸಿಗೆ ಇಳಿಯುವವರು ತೂತು ಕೊರೆಯುವ ಮೊದಲು ಕ್ಲಾಸ್ ನಿಯಮ (ಈ ಬಗೆಯ ದೋಣಿಗಳಿಗೆಂದೇ ಇರುವ ರೇಸ್ ನಿಯಮ) ಓದಿ. ಈ ದೋಣಿಯ ನಿಯಮ ಬಹಳ ಬಿಗಿ.

ಆದರೆ ಹಗುರ ಆಗುವುದಿಲ್ಲ! ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ‘ರಾಟೆಗೊಂದರಂತೆ ಅರ್ಧ ಭಾರ ಕಮ್ಮಿ’ ಅನ್ನುವ ಮಾತು ಮಾತ್ರ ಸಾಯುತ್ತಿಲ್ಲ.

ಬಾವಿಯ ರಾಟೆ ನೆನಪಿಸಿಕೊಳ್ಳಿ. 15 ಕೆಜಿಯ ಕೊಡ ಸೇದುವಾಗ ತೋಳಿಗೆ ಬೀಳುವುದು 15 ಕೆಜಿಯೇ. ತಿಕ್ಕಾಟ ಸೇರಿ ಸ್ವಲ್ಪ ಜಾಸ್ತಿಯೇ. ಆ ರಾಟೆ ಎಳೆಯುವ ದಿಕ್ಕನ್ನಷ್ಟೇ ಬದಲಿಸಿತು. ಡೆಕ್ಕಿಗೆ ಬಿಗಿದ ರಾಟೆಯೂ ಹಾಗೇ. ಹತ್ತು ಹಾಕಿದರೆ ಹತ್ತು ರಾಟೆಯ ತಿಕ್ಕಾಟ.

ಭಾರ ಇಳಿಸುವುದು ಹೊರೆಯ ಜೊತೆ ಚಲಿಸುವ ರಾಟೆ. ಅದೇ ರಾಟೆಯನ್ನು ಕೊಡಕ್ಕೇ ಕಟ್ಟಿ. ಹಗ್ಗದ ಒಂದು ತುದಿಯನ್ನು ಮೇಲಿನ ತೊಲೆಗೆ ಬಿಗಿದು, ಇನ್ನೊಂದನ್ನು ಮೇಲಕ್ಕೆ ಎಳೆಯಿರಿ. ಈಗ ಕೊಡವನ್ನು ಎರಡು ಎಳೆ ಹೊರುತ್ತವೆ, ನಿಮ್ಮ ಪಾಲು ಏಳೂವರೆ ಕೆಜಿ. ಪುಕ್ಕಟೆಯಾಗಿ ಅಲ್ಲ. ಕೊಡ 1 ಮೀಟರ್ ಏರಲು 2 ಮೀಟರ್ ಹಗ್ಗ ಸೇದಬೇಕು.

ಕನಿಂಗ್‌ಹ್ಯಾಮಿನಲ್ಲಿ ಇದು ಆಗಲೇ ಇದೆ. ಹಗ್ಗ ಹಾಯಿಯ ತೂತಿನೊಳಗೆ ಹಾದು ಮತ್ತೆ ಕೆಳಗೆ ಬರುತ್ತದಲ್ಲ, ಆ ತೂತೇ ಚಲಿಸುವ ರಾಟೆ. ಅಲ್ಲಿಗೆ ನಿಮ್ಮ ಎಳೆತ ಎರಡು ಪಟ್ಟು. ಆ ಹಗ್ಗದ ತುದಿಗೆ ಇನ್ನೊಂದು ಚಲಿಸುವ ರಾಟೆ ಕಟ್ಟಿ, ಅದರಲ್ಲಿ ಇನ್ನೊಂದು ಹಗ್ಗ ಹಾಯಿಸಿ ಎಳೆದರೆ ನಾಲ್ಕು ಪಟ್ಟು. ಹಾಯಿ 10 ಸೆಂ.ಮೀ. ಇಳಿಯಲು ನೀವು 40 ಸೆಂ.ಮೀ. ಎಳೆಯಬೇಕು, ನಡುವಿನ ರಾಟೆ 20 ಸೆಂ.ಮೀ. ಓಡಬೇಕು. ಅಷ್ಟು ಜಾಗ ಇದೆಯಾ, ಮೊದಲು ಅಳೆಯಿರಿ. ಇಲ್ಲದಿದ್ದರೆ ರಾಟೆ ಡೆಕ್ಕಿಗೆ ಬಡಿದು ನಿಲ್ಲುತ್ತದೆ, ಹಾಯಿ ಅರ್ಧಕ್ಕೇ ಉಳಿಯುತ್ತದೆ. ಇದನ್ನು ಪೆನ್ಸಿಲ್ ಹಿಡಿದು ಲೆಕ್ಕ ಹಾಕುವ ಹುಡುಗರನ್ನು ಕಂಡರೆ ನನಗೆ ತುಂಬಾ ಖುಷಿ.

ನೀವು ಕೇಳಿಲ್ಲ, ಆದರೂ ಹಗ್ಗದ ದಪ್ಪದ ಬಗ್ಗೆ ಹೇಳಿಬಿಡುತ್ತೇನೆ. ಗಟ್ಟಿ ಇರಲಿ ಅಂತ ಸುಮ್ನೆ 8 ಮಿ.ಮೀ. ಹಗ್ಗ ತರಬೇಡಿ. ಸಣ್ಣ ರಾಟೆಯಲ್ಲಿ ಅದು ಬದಿಗೆ ಉಜ್ಜುತ್ತದೆ. ಎಳೆಯುವುದಷ್ಟೇ ಅಲ್ಲ, ಕ್ಲೀಟ್ ಬಿಡಿಸಿದಾಗ ಹಗ್ಗ ತಾನಾಗಿ ಸಡಿಲ ಆಗಬೇಕು. ಆಗದಿದ್ದರೆ ಗಾಳಿ ಇಳಿದ ಮೇಲೂ ಹಾಯಿ ಚಪ್ಪಟೆಯಾಗೇ ಇರುತ್ತದೆ, ದೋಣಿ ಮುಂದೆ ಹೋಗಲ್ಲ. ಹಾಯಿಯ ಕಡೆಯ ಒಳಗಿನ ಎಳೆಗೆ 4 ಮಿ.ಮೀ. ಡೈನೀಮಾ (ತೆಳುವಾದರೂ ಬಲು ಗಟ್ಟಿಯಾದ ನಾರಿನ ಹಗ್ಗ), ಕೈಯಲ್ಲಿ ಹಿಡಿಯುವ ಹಗ್ಗಕ್ಕೆ 6 ಮಿ.ಮೀ. ಪಾಲಿಯೆಸ್ಟರ್ ಸಾಕು. ಕನಿಂಗ್‌ಹ್ಯಾಮಿಗೂ ಔಟ್‌ಹಾಲಿಗೂ ಬೇರೆ ಬೇರೆ ಬಣ್ಣ ಇರಲಿ.