ಕನ್ನಡ ಕಲಿಯುವವರಿಗೆ ಪಠ್ಯಕ್ರಮ: ಮೊದಲು ಕೆಲಸ, ಆಮೇಲೆ ವರ್ಣಮಾಲೆ

ಬೆಂಗಳೂರಿಗೆ ಬಂದು ನೆಲೆಸಿದ ಹೊರರಾಜ್ಯದವರಿಗೆ ಕನ್ನಡ ಕಲಿಸುವ ತರಗತಿಗಳು ಅಪಾರ್ಟ್‌ಮೆಂಟ್‌ಗಳಲ್ಲಿ, ಕಚೇರಿಗಳಲ್ಲಿ, ಆನ್‌ಲೈನ್‌ನಲ್ಲಿ ನಡೆಯುತ್ತಿವೆ. ಕಲಿಸುವವರ ಉತ್ಸಾಹ ದೊಡ್ಡದು. ಆದರೂ ಅ ಆ ಇ ಈ ಇಂದ ಶುರುವಾದ ತರಗತಿ ಕಾಗುಣಿತ ದಾಟಿ ಒತ್ತಕ್ಷರಕ್ಕೆ ಬರುವಷ್ಟರಲ್ಲಿ ಕುರ್ಚಿಗಳು ಖಾಲಿಯಾಗತೊಡಗುತ್ತವೆ. ನಮ್ಮ ಮಕ್ಕಳಿಗೆ ಆ ಕ್ರಮ ಸರಿ. ಒಂದನೇ ತರಗತಿಗೆ ಬರುವಾಗಲೇ ಅವರಿಗೆ ಮಾತು ಬರುತ್ತದೆ, ಬರಬೇಕಾದದ್ದು ಓದು ಬರಹ ಮಾತ್ರ. ದೊಡ್ಡವರಿಗೆ ಓದು ಬರಹ ಬೇರೆ ಭಾಷೆಯಲ್ಲಿ ಬರುತ್ತದೆ, ಕನ್ನಡದ ಮಾತೇ ಬರುವುದಿಲ್ಲ. ಇಬ್ಬರಿಗೂ ಒಂದೇ ಪಠ್ಯಕ್ರಮ ಹೊಂದುವುದಿಲ್ಲ.

ಪಠ್ಯಕ್ರಮ ಬರೆಯಲು ಕೂರುವ ಮುನ್ನ ಸಮಯದ ಲೆಕ್ಕ ಹಾಕಬೇಕು. ವಾರಕ್ಕೆ ಎರಡು ದಿನ, ದಿನಕ್ಕೆ ಒಂದೂವರೆ ಗಂಟೆ, 12 ವಾರ ಎಂದರೆ 36 ಗಂಟೆ. ಕೆಲಸ ಮುಗಿಸಿ ದಣಿದು ಬರುವವರಿಗೆ ಒಂದು ತರಗತಿಯಲ್ಲಿ 10–12 ಹೊಸ ಪದಗಳಿಗಿಂತ ಹೆಚ್ಚು ಕೊಟ್ಟರೆ ನಿಲ್ಲುವುದಿಲ್ಲ. 24 ತರಗತಿಗಳಿಗೆ ಸುಮಾರು 250 ಪದ, ಅಷ್ಟೇ ನಮ್ಮ ಬಂಡವಾಳ. ಅದರಲ್ಲಿ ಹುಲಿ, ಸಿಂಹ, ಕಾಮನಬಿಲ್ಲಿಗೆ ಜಾಗ ಕೊಟ್ಟರೆ ಬಾಡಿಗೆ, ಚಿಲ್ಲರೆ, ರಸೀದಿಗೆ ಜಾಗ ಉಳಿಯುವುದಿಲ್ಲ.

ಯಾವ ಪದ, ಯಾವ ವಾಕ್ಯ ಎಂಬುದನ್ನು ಕಲಿಯುವವರೇ ಹೇಳಬೇಕು. ಮೊದಲ ದಿನ ಮೂರು ಪ್ರಶ್ನೆ ಸಾಕು: ಈ ವಾರ ಯಾರ ಜೊತೆ ಕನ್ನಡದಲ್ಲಿ ಮಾತಾಡಬೇಕಾಗಿ ಬಂತು? ಏನು ಹೇಳಬೇಕಿತ್ತು? ಎಲ್ಲಿ ಸಿಕ್ಕಿಕೊಂಡಿರಿ? ಉತ್ತರಗಳನ್ನು ಕೆಲಸಗಳ ಪಟ್ಟಿಯಾಗಿ ಬರೆದು, ವಾರವಾರ ಬರುವ ಕೆಲಸಗಳನ್ನು ಮೇಲಕ್ಕೆ, ವರ್ಷಕ್ಕೊಮ್ಮೆ ಬರುವವನ್ನು ಕೆಳಕ್ಕೆ ಹಾಕಬೇಕು. ಆಮೇಲೆ ಒಂದೊಂದು ಕೆಲಸವನ್ನೂ ಬಿಚ್ಚಿ ನೋಡಬೇಕು.

ನಲ್ಲಿ ರಿಪೇರಿಯನ್ನೇ ತೆಗೆದುಕೊಳ್ಳೋಣ. ಕನ್ನಡ ಬಲ್ಲ ಇಬ್ಬರಿಗೆ ಸಂದರ್ಭ ಕೊಟ್ಟು ಮಾತಾಡಿಸಿ, ರೆಕಾರ್ಡ್ ಮಾಡಿಕೊಂಡರೆ ಸಿಗುವ ಮಾತು ಹೀಗಿರುತ್ತದೆ:

“ಅಣ್ಣಾ, ಅಡುಗೆಮನೆ ನಲ್ಲಿ ಸೋರ್ತಾ ಇದೆ. ಇವತ್ತು ಬರ್ತೀರಾ?”
“ಇವತ್ತಾಗಲ್ಲ ಮೇಡಂ, ನಾಳೆ ಬರ್ತೀನಿ.”
“ಎಷ್ಟು ಗಂಟೆಗೆ?”
“ಹತ್ತು ಗಂಟೆ ಒಳಗೆ. ವಾಷರ್ ತಂದಿಡಿ.”

ನಾಲ್ಕೇ ಮಾತಿನಲ್ಲಿ ಈಗ ನಡೆಯುತ್ತಿರುವುದನ್ನು ಹೇಳುವ ‘-ತಾ ಇದೆ’, ಗೌರವದ ಪ್ರಶ್ನೆ ‘-ತೀರಾ’, ನಿರಾಕರಣೆಯ ‘ಆಗಲ್ಲ’, ಹೊತ್ತು ಹೇಳುವ ‘-ಗೆ’ ಎಲ್ಲವೂ ಬಂದವು. ಮೇಜಿನ ಮುಂದೆ ಕೂತು ಬರೆದರೆ ‘ನಲ್ಲಿಯು ಸೋರುತ್ತಿದೆ, ನೀವು ಇಂದು ಬರುವಿರಾ’ ಎಂದಾಗುತ್ತದೆ. ಅದನ್ನು ಕಲಿತವರು ಹೇಳಬಲ್ಲರು, ಆದರೆ ಆ ಕಡೆಯಿಂದ ಬರುವ ‘ಇವತ್ತಾಗಲ್ಲ’ ಅವರಿಗೆ ಅರ್ಥವಾಗುವುದಿಲ್ಲ. ಆದ್ದರಿಂದ ಮೊದಲ 36 ಗಂಟೆ ಪೂರ್ತಿ ಆಡುಮಾತಿಗೇ ಮೀಸಲಿರಲಿ. ‘ಹೋಗುತ್ತೇನೆ’, ‘ಮನೆಯಲ್ಲಿ’ ಥರದ ಬರಹದ ರೂಪಗಳು ಎರಡನೇ ಹಂತಕ್ಕೆ ಕಾಯಲಿ. ಎರಡನ್ನೂ ಒಟ್ಟಿಗೆ ಕೊಟ್ಟರೆ ಒಂದೂ ಬಾಯಿಗೆ ಬರುವುದಿಲ್ಲ.

ಹಾಗಾದರೆ ವ್ಯಾಕರಣದಲ್ಲಿ ಯಾವುದು ಮೊದಲು? ಇಲ್ಲಿ ಕನ್ನಡ ಒಂದು ದೊಡ್ಡ ಉಪಕಾರ ಮಾಡಿದೆ. ಬೇಕು, ಬೇಡ, ಇಲ್ಲ, ಗೊತ್ತು, ಸಾಕು. ಈ ಐದು ಮಾತುಗಳಲ್ಲಿ ಕಲಿಯುವವರು ನಾನು, ನೀನು, ಅವರು ಎಂದು ಕ್ರಿಯಾಪದದ ರೂಪ ಬದಲಿಸಬೇಕಿಲ್ಲ. ‘ನಂಗೆ’, ‘ನಿಮಗೆ’, ‘ಅವರಿಗೆ’ ಸೇರಿಸಿದರೆ ಮೊದಲ ವಾರದಲ್ಲೇ ಅಂಗಡಿಯಲ್ಲಿ ವ್ಯವಹಾರ ನಡೆಸಬಹುದು. ಇಂಗ್ಲಿಷ್ ಮೂಲಕ ಕಲಿಯುವವರು ‘ನಾನು ಹಾಲು ಬೇಕು’ ಎನ್ನುತ್ತಾರೆ. ಅವರಿಗೆ ‘ನಂಗೆ’ ರೂಢಿಯಾಗಲು ಎರಡು ಮೂರು ತರಗತಿ ಹಿಡಿಯುತ್ತದೆ. ಹಿಂದಿಯವರಿಗೆ ‘ಮುಝೆ ಚಾಹಿಯೇ’ ಇದೇ ಅಚ್ಚಿನದು, ಕೂಡಲೇ ಹೊಂದುತ್ತದೆ. ಅವರ ತೊಡಕು ಬೇರೆ ಕಡೆ ಇದೆ. ಹಿಂದಿಯಲ್ಲಿ ಎ–ಏ, ಒ–ಓ ಎಂಬ ಹ್ರಸ್ವ ದೀರ್ಘದಿಂದ ಅರ್ಥ ಬದಲಾಗುವುದಿಲ್ಲ, ಳಕಾರವೂ ಇಲ್ಲ. ಹೀಗಾಗಿ ಬೆಳೆ–ಬೇಳೆ, ಹಲ್ಲಿ–ಹಳ್ಳಿ ಅವರ ಕಿವಿಗೆ ಒಂದೇ ಥರ ಕೇಳಿಸುತ್ತವೆ. ಹೇಳಿಸುವ ಮೊದಲು ಕೇಳಿಸಬೇಕು: ಎರಡರಲ್ಲಿ ಒಂದನ್ನು ಉಚ್ಚರಿಸಿ ಯಾವುದೆಂದು ಗುರುತಿಸಲು ಹೇಳಿ, ದಿನಕ್ಕೆ ಐದು ನಿಮಿಷ.

ಲಿಪಿಯನ್ನು ಪೂರ್ತಿ ಬದಿಗಿಡಬಾರದು ಎನ್ನುವುದಕ್ಕೂ ಇದೇ ಕಾರಣ. ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡ ಟಿಪ್ಪಣಿಯಲ್ಲಿ ಲ–ಳ ವ್ಯತ್ಯಾಸ ಅಳಿಸಿಹೋಗುತ್ತದೆ, ತಪ್ಪು ಉಚ್ಚಾರಣೆ ಗಟ್ಟಿಯಾಗುತ್ತದೆ. 24 ತರಗತಿಗಳಲ್ಲಿ ಏಳನೆಯದರಿಂದ, ಒಂದು ಸಲಕ್ಕೆ ನಾಲ್ಕೈದು ಅಕ್ಷರದಂತೆ, ಆಗಲೇ ಬಾಯಿಗೆ ಬಂದಿರುವ ಪದಗಳಲ್ಲೇ ತೋರಿಸಬೇಕು. ಮೆಟ್ರೊ ನಿಲ್ದಾಣದ ಹೆಸರುಗಳು ಎರಡೂ ಲಿಪಿಯಲ್ಲಿರುವುದು ಒಳ್ಳೆಯ ಅನುಕೂಲ. ಮನೆಪಾಠಕ್ಕೆ ಅದಕ್ಕಿಂತ ಬೇರೆ ಪುಸ್ತಕ ಬೇಡ.

ವ್ಯಾಕರಣದ ಪಟ್ಟಿಯ ಬದಲು ಕೆಲಸಗಳ ಪಟ್ಟಿಯನ್ನೇ ಪಠ್ಯಕ್ರಮ ಮಾಡಬಹುದೆಂದು ದೊಡ್ಡ ಮಟ್ಟದಲ್ಲಿ ಪ್ರಯೋಗ ನಡೆದದ್ದು ನಮ್ಮ ನೆಲದಲ್ಲೇ. ಭಾಷಾ ಬೋಧನೆಯ ತಜ್ಞ ಎನ್. ಎಸ್. ಪ್ರಭು ಅವರ ಮುಂದಾಳತ್ವದಲ್ಲಿ 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಹೀಗೆ ಇಂಗ್ಲಿಷ್ ಕಲಿಸಿದರು. ಜಗತ್ತಿನ ಭಾಷಾ ಶಿಕ್ಷಕರು ಇಂದಿಗೂ ಅದನ್ನು ‘ಬೆಂಗಳೂರು ಯೋಜನೆ’ ಎಂದೇ ಕರೆಯುತ್ತಾರೆ. ಕನ್ನಡ ಕಲಿಸುವವರು ಅದನ್ನು ಇಷ್ಟು ಕಡಿಮೆ ಬಳಸಿಕೊಂಡಿರುವುದು ಬೇಸರದ ಸಂಗತಿ. ತರಗತಿಯಲ್ಲಿ ಕನಿಷ್ಠ ಅರ್ಧದಷ್ಟು ಮಂದಿಗೆ ಕೆಲಸದ ಕನಿಷ್ಠ ಅರ್ಧ ಸರಿಯಾಗಿ ಬಂದರೆ ಅದರ ಕಷ್ಟ ಹದವಾಗಿದೆ ಎಂಬುದು ಪ್ರಭು ಅವರ ಅಳತೆ. ಎಲ್ಲರಿಗೂ ಎಲ್ಲವೂ ಬಂದರೆ ಅದು ತೀರಾ ಸುಲಭವಾಯಿತು, ಯಾರೂ ಏನೂ ಕಲಿತಂತಾಗಲಿಲ್ಲ.

ನಲ್ಲಿ ಪಾಠಕ್ಕೆ ಅಂಥ ಕೆಲಸ ಹೀಗೆ: ಒಬ್ಬರ ಕೈಯಲ್ಲಿ ಪ್ಲಂಬರ್‌ನ ಆ ದಿನದ ವೇಳಾಪಟ್ಟಿ, ಇನ್ನೊಬ್ಬರ ಕೈಯಲ್ಲಿ ಮನೆಯವರು ಇರುವ ಹೊತ್ತು. ಚೀಟಿ ತೋರಿಸುವಂತಿಲ್ಲ, ಮಾತಾಡಿಯೇ ಇಬ್ಬರಿಗೂ ಹೊಂದುವ ಸಮಯ ಹುಡುಕಬೇಕು. ಹೊಂದುವ ಹೊತ್ತು ಒಂದೇ ಇರುವಂತೆ ಚೀಟಿ ಬರೆಯಬೇಕು. ಎರಡು ಮೂರಿದ್ದರೆ ಮೊದಲನೆಯದು ಸಿಕ್ಕಿದ ಕೂಡಲೇ ಮಾತು ನಿಂತುಬಿಡುತ್ತದೆ. ಹಿಂದಿಗೋ ಇಂಗ್ಲಿಷಿಗೋ ಜಾರುತ್ತಾರೆ ಎಂಬುದು ಎಲ್ಲ ಶಿಕ್ಷಕರ ದೂರು. ಜಾರುವುದು ಬಹುಮಟ್ಟಿಗೆ ‘ಇನ್ನೊಂದ್ ಸಲ ಹೇಳಿ’, ‘ನಿಧಾನವಾಗಿ’, ‘ಹಂಗಂದ್ರೆ?’ ಗೊತ್ತಿಲ್ಲದಾಗ. ಇವನ್ನು ಮೊದಲ ದಿನವೇ ಕಲಿಸಿ ಗೋಡೆಗೆ ಅಂಟಿಸಬೇಕು.

ಇನ್ನು ಮರೆವು. ಕಲಿತದ್ದರ ಹೆಚ್ಚಿನ ಪಾಲು ಮೊದಲ ಒಂದೆರಡು ದಿನದಲ್ಲೇ ಜಾರಿಹೋಗುತ್ತದೆ ಎಂದು ಜರ್ಮನ್ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತಮ್ಮ ಮೇಲೆ ಪ್ರಯೋಗ ಮಾಡಿ ತೋರಿಸಿದ್ದರು. ಪಠ್ಯಕ್ರಮ ಇದನ್ನು ಕಲಿಯುವವರ ಶ್ರದ್ಧೆಗೆ ಬಿಡಬಾರದು. ಇಂದಿನ ಪದ ಮುಂದಿನ ತರಗತಿಯಲ್ಲಿ, ಆಮೇಲೆ ಒಂದು ವಾರಕ್ಕೆ, ಮತ್ತೆ ಮೂರು ವಾರಕ್ಕೆ ಬೇರೆ ಬೇರೆ ಸಂದರ್ಭದಲ್ಲಿ ಮರಳಿ ಬರಬೇಕು. ‘ಸೋರ್ತಾ ಇದೆ’ ಆಮೇಲೆ ಮಳೆಗಾಲದ ಸೂರಿಗೂ ಸ್ಕೂಟರಿನ ಆಯಿಲ್‌ಗೂ ಬರಲಿ. 90 ನಿಮಿಷದಲ್ಲಿ ಮೊದಲ 20 ಹಳೆಯದಕ್ಕೆ, 25 ಹೊಸದಕ್ಕೆ, 35 ಕೆಲಸಕ್ಕೆ, ಕೊನೆಯ 10 ತಿದ್ದುಪಡಿಗೆ ಇಟ್ಟರೆ ಸಾಕಷ್ಟು ಹೊಂದುತ್ತದೆ.

ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬಿಸಿದರೆ ಕಲಿಯುವವರು ಅದಕ್ಕೇ ತಯಾರಾಗುತ್ತಾರೆ, ಮಾತು ಹಿಂದೆ ಬೀಳುತ್ತದೆ. ಹಿಂದೆ ಕಾಣದ ಶಿಕ್ಷಕರೊಬ್ಬರು ಫೋನಿನಲ್ಲಿ ಪ್ಲಂಬರ್ ಆಗಲಿ. ಸಮಯ ನಿಗದಿಯಾಯಿತೇ, ಕೇಳಿದ್ದು ಅರ್ಥವಾಯಿತೇ, ಗೌರವದ ರೂಪ ಬಂತೇ ಎಂದು ನೋಡಿ ಅಂಕ ಕೊಡಲಿ. ಮೊದಲ ತಂಡ ಮುಗಿದ ಮೇಲೆ, ಅರ್ಧಕ್ಕಿಂತ ಹೆಚ್ಚು ಜನ ಎಡವಿದ ಪಾಠವನ್ನು ಎರಡಾಗಿ ಒಡೆಯಬೇಕು. ಆ ಜಾಗಕ್ಕಾಗಿ ಪಟ್ಟಿಯ ಕೆಳಗಿನ ಒಂದು ಕೆಲಸವನ್ನು ಕೈಬಿಡಬೇಕು. 36 ಗಂಟೆಯ ಮೇಲೆ ಒಂದು ಗಂಟೆಯನ್ನೂ ಸೇರಿಸಬಾರದು.